ತೊಟ್ಟು ಮುರಿದ ಎಲೆ

ಒದ್ದೆ ಗೋಣಿಯ ವಾಸನೆ, ಅದರ ಬೆನ್ನಿಗೇ ಎಲೆಯ ಖಾರ, ಬಳೆಗಾರರ ಸಾಲು ದಾಟುವ ಮೊದಲೇ ಮೂಗಿಗೆ ಬಡಿಯಿತು, ಅಂದರೆ ಸವಣೂರಿನ ಎಲೆ ಬಂದಿದೆ, ದಸ್ತಗೀರಸಾಬ ಬಂದು ಕೂತಿದ್ದಾನೆ, ಬುಟ್ಟಿ ಬಿಚ್ಚಿ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದಾನೆ — ಮಹಾಲಿಂಗಪ್ಪನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು, ಧೋತರದ ಮಡಿಕೆಯಲ್ಲಿ ಹಸಿರು ಗಂಟು ಇದೆ, ಇರದೆ ಎಲ್ಲಿಗೆ ಹೋದೀತು, ಮನೆಯ ಹೊಸ್ತಿಲಿನಿಂದ ಈ ಹಾನಗಲ್ಲಿನ ಸಂತೆಯವರೆಗೆ ಏಳು ಸಲ ಮುಟ್ಟಿ ನೋಡಿದ್ದಾಯಿತು, ಹತ್ತಾಣೆ, ಕೊನೆಯ ಹತ್ತಾಣೆ, ಇದನ್ನು ಅವನ ಕೈಗಿಟ್ಟರೆ ನೂರಾ ಇಪ್ಪತ್ತು ರೂಪಾಯಿ ಸಾಲ ಚುಕ್ತಾ, ನೂರಾ ತೊಂಬತ್ತೆರಡು ಸಂತೆಗಳ ಕಥೆ ಮುಗಿಯಿತು, ಹೊಟ್ಟೆ ತುಂಬ ಹುಗ್ಗಿ ಉಂಡವನ ಹಾಗೆ ಸಂತೋಷವಾಗಿದೆ, ಆದರೆ ಕಾಲುಗಳು ಮಾತ್ರ ನೆಟ್ಟಗೆ ಎಲೆಯವರ ಸಾಲಿಗೆ ಹೋಗದೆ ಮೆಣಸಿನಕಾಯಿ ರಾಶಿಗಳನ್ನು ಸುತ್ತುತ್ತಿವೆ, ಕೊಳ್ಳುವವನಂತೆ ಒಂದು ಕಾಯಿ ಮುರಿದು ನೋಡುವುದು, ಮುಂದೆ ಹೋಗುವುದು, ಗಡಿಗೆ ಬಾರಿಸಿ ನೋಡುವುದು, ಮುಂದೆ ಹೋಗುವುದು, ಎಲಾ ಇವನ, ಸಾಲ ಕೊಡಬೇಕಾಗಿದ್ದ ದಿನಗಳಲ್ಲಿ ಇಷ್ಟು ಅಂಜಿರಲಿಲ್ಲ, ಸಾಲ ತೀರುವುದರಲ್ಲಿ ಅನುಮಾನವಿಲ್ಲ, ಸಾಲದ ಜೊತೆಗೇ ಹೋದ ಗೆಳೆಯ ತಿರುಗಿ ಬರುತ್ತಾನೋ ಇಲ್ಲವೋ, ಕುಂದರಲೇ ಮಾಲಿಂಗ್ಯಾ ಎಂದು ಮೊದಲಿನಂತೆ ಗೋಣಿಯ ಮೂಲೆ ತಟ್ಟುತ್ತಾನೋ ಇಲ್ಲವೋ, ಅದು ಇವತ್ತು ಗೊತ್ತಾಗಬೇಕು.

ಹೇಳಿಕೊಳ್ಳುವುದಕ್ಕೂ ನಾಚಿಕೆಯ ಸಾಲ ಅದು, ಹೊಲಕ್ಕೆಂದು ಮಾಡಿದ್ದಲ್ಲ, ಮನೆಗೆಂದು ಮಾಡಿದ್ದಲ್ಲ, ಮದುವೆ ಮುಂಜಿಗೂ ಅಲ್ಲ, ನಾಟಕದ ಸಾಲ, ಅದೂ ಬಣ್ಣ ಹಚ್ಚಿ ಕುಣಿದದ್ದಕ್ಕಲ್ಲ, ಮುಂದಿನ ಚಾಪೆಯ ಮೇಲೆ ಕೂತು ತಲೆದೂಗಿದ್ದಕ್ಕೆ — ಆ ಕಂಪನಿಯ ಮಾಲಕ, ಬೆಳ್ಳಿ ಗುಂಡಿಯ ಕೋಟು, ಗುಮಾಸ್ತರ, ನಿಮ್ಮಂಥಾ ರಸಿಕರು ಈ ಊರಾಗ ಅದೀರಿ ಅಂತ ಕೇಳೇ ನಾವು ಬಂದ್ವಿ ನೋಡ್ರಿ, ಅಂದಾಗ ಮೈ ಉಬ್ಬಿ ಅಂಗಿಯ ಗುಂಡಿ ಹರಿಯುವುದೊಂದು ಬಾಕಿ, ಅಡತಿ ಅಂಗಡಿಯಲ್ಲಿ ಅಕ್ಕಿಚೀಲದ ಲೆಕ್ಕ ಬರೆಯುವವನನ್ನು ಯಾರು ತಾನೇ ರಸಿಕ ಎಂದಿದ್ದರು, ಥೇಟರಿನ ತಗಡು ಬಿದಿರು ಬಾಡಿಗೆ ಕೊಟ್ಟ ಪರಮೇಶಪ್ಪನ ಮುಂದೆ ಜಾಮೀನು ಬೇಕಂತೆ, ಅದಕ್ಕೇನು, ಕೊಡ್ರಿ ಇಲ್ಲೆ, ಮಸಿಯಲ್ಲಿ ಅದ್ದಿ ದಪ್ಪ ಸಹಿ, ಕೊನೆಯಲ್ಲೊಂದು ಸೊಟ್ಟ ಗೆರೆ ಬೇರೆ, ಆಮೇಲೆ ಮಳೆ ಹಿಡಿಯಿತು, ಒಂದು ಬೆಳಿಗ್ಗೆ ಬಯಲಿಗೆ ಹೋಗಿ ನೋಡಿದರೆ ಕಂಪನಿಯೂ ಇಲ್ಲ ತಗಡೂ ಇಲ್ಲ, ಕಂಬ ನೆಟ್ಟ ಕುಣಿಗಳಲ್ಲಿ ನೀರು ನಿಂತಿತ್ತು, ಆ ನೀರಿನಲ್ಲಿ ಒಂದು ಕಾಗೆ ಮುಳುಗಿ ಏಳುತ್ತಿತ್ತು, ಪರಮೇಶಪ್ಪನೇನು ಕೆಟ್ಟವನಲ್ಲ, ನಾ ಏನ ಮಾಡ್ಲಿರಿ, ಸಹಿ ನಿಮ್ದೈತಿ, ಎಂಟು ದಿನದಾಗ ನೂರಾ ಇಪ್ಪತ್ತು ತುಂಬ್ರಿ, ಪಗಾರ ಇಪ್ಪತ್ತೆರಡು, ಎಲ್ಲಿಂದ ತರುವುದು, ಆ ಸಂತೆಯಲ್ಲಿ ಇದೇ ದಸ್ತಗೀರಸಾಬನ ಗೋಣಿಯ ಮೇಲೆ ಕೂತು ಕಣ್ಣಲ್ಲಿ ನೀರು ತಂದುಕೊಂಡರೆ, ಅವನು ಮಾತಾಡದೆ ಎಲೆಯ ಬುಟ್ಟಿಯ ತಳದಿಂದ ಚೀಲ ತೆಗೆದ, ಎಲೆತೋಟದ ಗುತ್ತಿಗೆಗೆಂದು ಇಟ್ಟದ್ದು, ತೊಡೆಯ ಮೇಲೆ ಸುರಿದ, ಕಾಗದ ಬರ್ಕೊಡ್ತೇನಿ ತಡೀ, ಕಾಗದ ಯಾಕಲೇ, ಸಣ್ಣವ್ರಿದ್ದಾಗ ಹುಚ್ಚುನಾಯಿಗೆ ನೀ ಅಡ್ಡ ಬಂದಿದ್ದಿ, ಆವಾಗ ನನ್ನ ಕಡಿಂದ ಕಾಗದ ಬರಸ್ಕೊಂಡಿದ್ದೇನು, ಹೋಗು, ಅವನ ಬಾಯಿಗೆ ಒಗದು ಬಾ. ಸವಣೂರಿನ ಒಂದೇ ಓಣಿಯಲ್ಲಿ ಆಡಿ ಬೆಳೆದವರು ಇಬ್ಬರೂ.

ಹೆಂಡತಿ ನಾಗವ್ವ ಬಯ್ಯುತ್ತಾಳೆ ಎಂದು ಅಂಜಿ ಮನೆಗೆ ಹೋದರೆ ಅವಳು ನಕ್ಕಳು, ಕಣ್ಣು ಒರೆಸಿಕೊಂಡು ಒರೆಸಿಕೊಂಡು ನಕ್ಕಳು, ಊರ ಮಂದಿ ಲೆಕ್ಕ ಬರಿಯೂ ಗುಮಾಸ್ತರು ನೀವು, ನಿಮ್ಮ ಲೆಕ್ಕ ಯಾರು ಬರೀಬೇಕ್ರಿ, ಅಲ್ಲಿಂದ ಮುಂದೆ ಅವಳದೇ ದರಬಾರು, ಹಳೆಯ ಇಳಕಲ್ಲ ಸೀರೆ ಹರಿದು ನಾಲ್ಕು ತುಂಡು, ಪಗಾರ ಬಂದ ದಿನ ನೆಲದ ಮೇಲೆ ಹರವಿಕೊಂಡು ಕೂತು ಮೊದಲು ಹಸಿರು ತುಂಡಿಗೆ ಗಂಟು, ಅದು ದಸ್ತಗೀರಣ್ಣಂದು, ಅದಾದ ಮೇಲೆ ಕಾಳಿಗೊಂದು, ಮನೆ ಬಾಡಿಗೆಗೊಂದು, ಬ್ಯಾನಿ ಬ್ಯಾಸರಿಕಿಗೊಂದು, ಉಳಿದದ್ದು ಹೊಟ್ಟೆಗೆ, ಉಳೀಲಿಲ್ಲಾಂದ್ರ, ಉಳಸೂದು ನನ್ನ ಕೆಲಸ, ಕೇಳೂದು ನಿಮ್ಮ ಕೆಲಸಲ್ಲ, ಗಿರಣಿಯ ನುಚ್ಚು ಬಂತು ಅಕ್ಕಿ ಹೋಯಿತು, ಬೇಳೆಯ ಕಟ್ಟು ಬಸಿದು ಇವತ್ತು ಸಾರು, ಬೇಳೆ ನಾಳೆ ಪಲ್ಯಕ್ಕೆ, ಹಿತ್ತಲಲ್ಲಿ ಪುಂಡಿ, ಬೇಲಿಯ ಮೇಲೆ ಹೀರೆ, ಹೊತ್ತು ಮುಳುಗುವ ಮೊದಲೇ ಊಟ, ಚಿಮಣಿ ಹಚ್ಚುವುದು ಬೀಗರು ಬಂದರೆ ಮಾತ್ರ, ಅಕ್ಕಿಆಲೂರಿಗೆ ವಸೂಲಿಗೆ ಹೋದರೆ ಚಪ್ಪಲಿ ಬಗಲಲ್ಲಿ, ಊರ ಅಗಸೆಬಾಗಿಲು ಬಂದಾಗ ಕಾಲಲ್ಲಿ, ಅಂಗಡಿಯವರೆಲ್ಲ ಚಾ ಕುಡಿಯಲು ಎದ್ದಾಗ ಇವನಿಗೆ ಮಾತ್ರ ಅವಸರದ ಲೆಕ್ಕ ನೆನಪಾಗುವುದು, ಜಿಪುಣ ಎಂದರು, ಅನ್ನಲಿ, ಆದರೆ ಆ ವರ್ಷಗಳು ಕಷ್ಟದವು ಎಂದು ಯಾರಾದರೂ ಕೇಳಿದರೆ ಮಹಾಲಿಂಗಪ್ಪ ಹೂಂ ಎನ್ನಲಾರ — ಆನೆಕೆರೆಯಲ್ಲಿ ಅವಳು ಬಟ್ಟೆ ಒಗೆಯುತ್ತಿದ್ದ ಆ ಮಧ್ಯಾಹ್ನ, ಬೇರೊಂದು ಕಂಪನಿ ಬಂದು ತಾಲೀಮು ನಡೆಸಿತ್ತು, ಗಾಳಿಗೆ ಹಾರ್ಮೋನಿಯಂ ಪೇಟಿಯ ಸ್ವರ, ಅಳುವ ಹಾಡು ನೀರಿನ ಮೇಲೆ ಹಾದು ಬರುತ್ತಿತ್ತು, ಈಗ ಅಳಾಕತ್ತಾಕಿ ಯಾರ್ರಿ, ರಾಣಿ, ಯಾಕ ಅಳತಾಳ, ರಾಜ ಊರು ಬಿಟ್ಟು ಹೋಗ್ಯಾನ, ಹೋಗೂಮುಂದ ಜಾಮೀನು ಯಾರ ಕಡಿಂದ ತಗೊಂಡನಂತ, ಒದ್ದೆ ಸೀರೆ ಕೈಯಲ್ಲಿ ಹಿಡಿದುಕೊಂಡೇ ಇಬ್ಬರೂ ನಕ್ಕದ್ದು, ದುಡ್ಡು ಕೊಟ್ಟು ನೋಡಿದ ಯಾವ ನಾಟಕದಲ್ಲೂ ಅಷ್ಟು ನಕ್ಕಿರಲಿಲ್ಲ, ಆಮೇಲೆ ಯುದ್ಧ ಎಂದರು, ಸಕ್ಕರೆ ಇಲ್ಲ, ಚಿಮಣಿ ಎಣ್ಣೆಗೆ ಪಾಳಿ ಹಚ್ಚಬೇಕು, ಕಾಳಿನ ಧಾರಣಿ ಏರಿತು, ಊರೆಲ್ಲ ಬಾಯಿ ಬಾಯಿ ಬಡಿದುಕೊಂಡಿತು, ಇವರ ಮನೆಯಲ್ಲಿ ಬದಲಾದದ್ದು ಒಂದೇ, ಬೇರೆಯವರೂ ಹೊತ್ತು ಮುಳುಗುವ ಮೊದಲೇ ಉಣ್ಣತೊಡಗಿದರು, ಪರಮೇಶಪ್ಪನ ಹೆಂಡತಿ ಸರೋಜವ್ವ, ಆ ತಗಡಿನ ಪರಮೇಶಪ್ಪನ ಹೆಂಡತಿಯೇ, ಸಂಕೋಚದಿಂದ ಬಂದು ಕೂತಳು, ನಾಗವ್ವಾ, ಪಾವು ಬ್ಯಾಳ್ಯಾಗ ಎರಡು ದಿನ ಹೆಂಗ ತೆಗಿತಿಯವ್ವಾ, ನಾಗವ್ವ ಹೇಳಿಕೊಟ್ಟಳು, ಒಂದು ಹಿಡಿ ಪುಂಡಿಸೊಪ್ಪೂ ಕೊಟ್ಟು ಕಳಿಸಿದಳು. ಅಡಿಗೆಮನೆಯ ಗೋಡೆಯ ಮೇಲೆ ಸಂತೆಗೊಂದರಂತೆ ಇದ್ದಿಲಿನ ಗೆರೆ, ದಸರೆಗೆ ಸುಣ್ಣ ಬಳಿಯುವಾಗಲೂ ಅದರ ಸುತ್ತ ಬಳಿದಳೇ ಹೊರತು ಒಂದು ಗೆರೆ ಅಳಿಸಲಿಲ್ಲ.

ಎಲ್ಲ ಬಿಟ್ಟದ್ದರಲ್ಲಿ ನಿಜವಾಗಿ ಕಷ್ಟವಾದದ್ದು ಒಂದೇ, ಎಲೆ, ಮೀಸೆ ಬರುವ ಮೊದಲೇ ಎಲೆ ತಿಂದವನು, ಎಲೆಯಿಲ್ಲದ ಊಟ ಊಟವೇ ಅಲ್ಲ ಎನ್ನುವವನು, ವಾರಕ್ಕೆ ಎರಡಾಣೆಯ ಎಲೆ, ಅದೂ ದಸ್ತಗೀರಸಾಬನ ಹತ್ತಿರವೇ, ಆ ಎರಡಾಣೆ ಹಸಿರು ಗಂಟಿಗೆ ಬೇಕಾಯಿತು, ಅದಿಲ್ಲದೆ ಹತ್ತು ತುಂಬುತ್ತಿರಲಿಲ್ಲ, ನಾಗವ್ವ ತಾನೂ ಬಿಟ್ಟಳು, ಅವಳ ಕೆಂಪು ತುಟಿ ನೋಡದೆ ನಾಲ್ಕು ವರ್ಷವಾಗುತ್ತ ಬಂತು — ಮತ್ತೆ ಅದೇ ಕಣ್ಣ ಮುಂದೆ ಬಂತು, ಮೊದಲ ಹತ್ತಾಣೆ ಕೊಟ್ಟ ಸಂತೆ, ದಸ್ತಗೀರಸಾಬ ಯಾವಾಗಲೂ ಮಾಡುವಂತೆ ಒಂದು ಎಳೆ ಎಲೆ ಆರಿಸಿದ, ಮೊಣಕಾಲ ಮೇಲೆ ಒರೆಸಿದ, ಉಗುರಿನಿಂದ ಚಟ್ ಎಂದು ತೊಟ್ಟು ಮುರಿದ, ಹಿಡೀಲೇ ಎಂದು ಕೈ ಚಾಚಿದ, ಇವನು ಬ್ಯಾಡ, ಬಿಟ್ಟೇನಿ, ಎಂದ, ಅಷ್ಟೇ, ಯಾಕೆ ಎಂದು ಹೇಳಲಿಲ್ಲ, ಹೇಳಿದರೆ ಬಯ್ದು ಕಟ್ಟುಗಟ್ಟಲೆ ಎಲೆ ಪುಕ್ಕಟೆ ತುರುಕುತ್ತಿದ್ದ, ಸಾಲಗಾರನಾಗಿ ಅವನ ಪುಕ್ಕಟೆ ಎಲೆ ಹೇಗೆ ತಿನ್ನುವುದು, ಅಂಥ ಮಾನ ಕಾಯ್ದುಕೊಂಡ ಮಹಾರಾಯ ಇವನು, ಎಲೆ ಹಿಡಿದ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು, ಎಷ್ಟು ಹೊತ್ತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಹೋಯಿತು, ಮುಂದಿನ ಸಂತೆಯಿಂದ ಬರ್ರಿ ಗುಮಾಸ್ತರ, ಹತ್ತಾಣೆ ತೆಗೆದು ಗೋಣಿಯ ಕೆಳಗೆ, ಹೋಗಿ ಬರ್ರಿ, ಅಷ್ಟೇ ಮಾತು, ಗೋಣಿಯ ಮೂಲೆ ತಟ್ಟಲಿಲ್ಲ, ಅಲ್ಲಿ ಪ್ರತಿ ಸಲ ತೊಟ್ಟು ಮುರಿದ ಒಂದು ಎಲೆ ಬಿದ್ದಿರುತ್ತಿತ್ತು, ಯಾವುದೋ ಗಿರಾಕಿಯದ್ದಿರಬೇಕು, ರೊಕ್ಕ ಸಿಕ್ಕಿಬಿದ್ದದ್ದಕ್ಕೆ ಸಿಟ್ಟಾಗಿದ್ದಾನೆ ಎಂದೇ ಇವನ ಲೆಕ್ಕ, ಬೇಗ ತೀರಿಸಿದರೆ ಬೇಗ ಸಿಟ್ಟಿಳಿಯುತ್ತದೆ, ಹೋದ ತಿಂಗಳು ದಸ್ತಗೀರಸಾಬನ ಹೆಂಡತಿ ಮಾಸೂಮಾ ಗಂಡನ ಜೊತೆ ಸಂತೆಗೆ ಬಂದವಳು ನಾಗವ್ವನನ್ನು ಬಳೆಗಾರರ ಹತ್ತಿರ ಹಿಡಿದು ಕೇಳದಿದ್ದರೆ ಇವನಿಗೆ ಸಾಯುವವರೆಗೂ ತಿಳಿಯುತ್ತಿರಲಿಲ್ಲ, ಅಕ್ಕಾ, ನಿಮ್ಮ ಮನ್ಯಾವ್ರು ನಮ್ಮವರ ಕೈಯಾಗಿಂದ ಎಲಿ ತಗೊಳ್ಳಾಕ ಯಾಕ ಒಲ್ಲರು, ನಾವೇನ ತಪ್ಪು ಮಾಡೇವಿ, ಅದನ್ನ ಅವರ ಹೇಳ್ತಾರವ್ವಾ ಎಂದಷ್ಟೇ ಅಂದು ನಾಗವ್ವ ಮನೆಗೆ ಬಂದು ಇವನಿಗೆ ತಿಳಿಸಿದಳು, ಅಯ್ಯೋ, ಆಗ ನೆನಪಾಯಿತು, ಬ್ಯಾಡ ಎಂದ ಆ ಮೊದಲ ಕಂತಿನ ಸಂತೆಯ ಹಿಂದಿನ ವಾರವೇ ಯಾವನೋ ಚೀಲದ ವ್ಯಾಪಾರಿ ದಸ್ತಗೀರಸಾಬನಿಗೆ ಕೇಳುವಂತೆ ಅಂದಿದ್ದ, ಲಿಂಗ ಕಟ್ಟಿದವರು ಆ ಕೈಯಾಗಿಂದ ಎಲಿ ತಿಂತೀರೇನ್ರಿ, ಇವನು ನಕ್ಕು ಎಲೆ ತೆಗೆದುಕೊಂಡು ಅವನ ಮುಖದೆದುರೇ ಅಗಿದಿದ್ದ, ಅಗಿದವನು ಮುಂದಿನ ವಾರ ಬ್ಯಾಡ ಎಂದರೆ ಗೆಳೆಯ ಏನು ತಿಳಿಯಬೇಕು, ಅವತ್ತೇ ಓಡಿ ಬಂದು ಹೇಳಬೇಕಿತ್ತು, ನಾಗವ್ವನೂ ಅದನ್ನೇ ಅಂದಳು, ಆದರೆ ನಾಲ್ಕು ಕಂತು ಬಾಕಿ, ಸಾಲಗಾರನ ಮಾತು ಸಬೂಬಿನಂತೆ ಕೇಳೀತು, ತೀರಿಸಿಯೇ ಹೇಳುತ್ತೇನೆ ಎಂದುಕೊಂಡ. ಆ ನಾಲ್ಕು ವಾರ ಕಷ್ಟದವೇ ಎಂದು ಕೇಳಿದರೆ ಮಾತ್ರ ಹೂಂ ಎಂದಾನು.

ಈಗ ಸುತ್ತುವುದಕ್ಕೆ ಗಡಿಗೆಗಳೂ ಮುಗಿದವು, ಎದುರಿಗೇ ಒದ್ದೆ ಗೋಣಿ, ಬಿಳಿ ಗಡ್ಡ, ಗಡ್ಡ ಯಾವಾಗ ಇಷ್ಟು ಬೆಳ್ಳಗಾಯಿತು, ಬರ್ರಿ ಗುಮಾಸ್ತರ, ಬಿಗಿದ ಗಂಟನ್ನು ಹಲ್ಲಿನಿಂದ ಬಿಚ್ಚಿದ, ಹತ್ತಾಣೆ ಅವನ ಅಂಗೈಗೆ, ಮುಗೀತು ದಸ್ತಗೀರಾ, ಇದು ಕಡೀದು, ಗೊತ್ತದರಿ, ದೇವರು ನಿಮಗ ಛಲೋ ಮಾಡ್ಲಿ, ಹಣ ಗೋಣಿಯ ಕೆಳಗೆ ಹೋಯಿತು, ಅಷ್ಟೇನಾ, ಪಕ್ಕದ ಉಳ್ಳಾಗಡ್ಡಿ ಮಾರುವ ತಿಪ್ಪವ್ವ ಕೂಗುತ್ತಿದ್ದಾಳೆ, ಯಾವುದೋ ಎತ್ತಿನ ಗಂಟೆ, ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ, ಎಲಿ ಬಿಟ್ಟದ್ದು ನಿನ್ನ ಸಾಲಕ್ಕಲೇ, ನಿನ್ನ ಕೈಗಲ್ಲ, ವಾರಕ್ಕ ಎರಡಾಣೆ ಉಳೀತಿತ್ತು, ಅದನ್ನೂ ಕೂಡಿಸೇ ಹತ್ತು ಮಾಡತಿದ್ದೆ, ಲಿಂಗದಾಣೆ, ಒಂದೇ ಉಸಿರಿಗೆ ಹೇಳಿಬಿಟ್ಟ, ದಸ್ತಗೀರಸಾಬನ ಕೈ ನೀರಿನ ತಂಬಿಗೆಯ ಮೇಲೆ ನಿಂತಿತು, ಏನಂದಿ, ಅಂದಿ ಎಂದ, ಅಂದ್ರಿ ಎನ್ನಲಿಲ್ಲ, ನನ್ನ ಎಲಿ ಕೊಳ್ಳೂದು ಬಿಟ್ಟು, ಆ ರೊಕ್ಕ ನನಗ ತಂದು ಕೊಟ್ಟಿ, ಹೂಂ, ನನ್ನ ಗಿರಾಕಿ ಕೆಡಿಸಿ ನನ್ನ ಸಾಲ ತೀರಿಸಿದಿ, ಹೂಂ, ಒಟ್ಟು ಎಷ್ಟಾತು, ಇಪ್ಪತ್ನಾಕು ರೂಪಾಯಿ, ಎಂದು ಗುಮಾಸ್ತನ ಬಾಯಿ ತಾನಾಗಿಯೇ ಲೆಕ್ಕ ಹೇಳಿತು, ಮೊದಲು ಭುಜ ಅಲುಗಿತು, ಆಮೇಲೆ ಗಡ್ಡ, ಆಮೇಲೆ ಇಡೀ ದಸ್ತಗೀರಸಾಬ, ತಿಪ್ಪವ್ವ ಕೂಗುವುದು ಬಿಟ್ಟು ತಿರುಗಿ ನೋಡಿದಳು, ನಗುತ್ತ ನಗುತ್ತ ಅವನ ಕಣ್ಣು ಒದ್ದೆಯಾಯಿತು, ಕುಂದರಲೇ, ಹುಚ್ಚ ಮಾಲಿಂಗ್ಯಾ, ಕುಂದರು, ನಿನ್ನ ಲೆಕ್ಕ ಮುಗೀತು, ನನ್ನ ಲೆಕ್ಕ ಕೇಳು, ಗೋಣಿಯ ಮೂಲೆಯಿಂದ ಆ ಎಲೆ ಎತ್ತಿಕೊಂಡ, ಪ್ರತಿ ಸಂತ್ಯಾಗ ನೀ ಬರೂಮುಂದ ಒಂದು ತೊಟ್ಟು ಮುರದು ಇಡತಿದ್ದೆ, ಇವತ್ತರೆ ಕೇಳತಾನ ಅಂತ, ಚಾಚಿ ಇನ್ನೊಮ್ಮೆ ಬ್ಯಾಡ ಅನಿಸ್ಕೊಳ್ಳೂ ಶಕ್ತಿ ಇರಲಿಲ್ಲ, ತೊಟ್ಟು ಮುರದ ಎಲಿ ಯಾರು ಕೊಳ್ತಾರ, ಎಲ್ಲಾ ಬಾಡಿ ಹ್ವಾದ್ವು, ಅವನ್ನ ಯಾರು ತೀರಸ್ತಾರ — ಮಹಾಲಿಂಗಪ್ಪ ಕೂತ, ಗೋಣಿಯ ತಂಪು ಧೋತರದೊಳಗೆ ಇಳಿಯಿತು, ನೂರಾ ತೊಂಬತ್ತೊಂದು ಬಾಡಿದವು, ಇದು ನೂರಾ ತೊಂಬತ್ತೆರಡನೆಯದು, ಸಂತೆಗೊಂದರಂತೆ ತಿಂದರೂ ಮತ್ತೆ ನಾಲ್ಕು ವರ್ಷ ಹತ್ತಿರ, ತೀರಲಿ ನಿಧಾನಕ್ಕೆ, ಅವಸರವೇನು, ನಾಗವ್ವ ಗೋಡೆಗೆ ಹೊಸ ಗೆರೆ ಎಳೆಯಲಿ, ಅವಳಿಗೂ ಒಂದು ಕಟ್ಟು ಒಯ್ಯಬೇಕು, ಕೆಂಪು ತುಟಿ, ಹಿಡೀಲೇ, ಅವನು ಮೊಣಕಾಲ ಮೇಲೆ ಒರೆಸಿದ, ಕೈ ಚಾಚಿದ, ಸಂತೆಯ ಗದ್ದಲ ಎಲ್ಲಿಗೋ ಹೋಯಿತು, ಎಲೆ, ಅದರ ಅಂಚಿನಲ್ಲಿ ಒಂದು ಹನಿ ನೀರು, ಈ ಕಡೆ ಒಂದು ಕೈ, ಆ ಕಡೆ ಒಂದು ಕೈ, ನಡುವೆ ತೊಟ್ಟು ಮುರಿದ ಎಲೆ.