ಮೆಟ್ಟಿಲಿಳಿದ ಹೆಣ

ಆ ಮನೆಯಲ್ಲಿ ಕೊಲೆಯಾಗದ ಭಾನುವಾರವೇ ಇಲ್ಲ. ಸುಳ್ಳಲ್ಲ, ಕೇಳಿ. ಮನೆಯ ಸೊಸೆ ಕಾದಂಬರಿಗಾರ್ತಿ. ರಾಜರ ಕಾಲದ ಕೊಲೆಗಳೇ ಅವಳ ಸರಕು. ಪುಸ್ತಕದಲ್ಲಿ ಒಬ್ಬರನ್ನು ಮುಗಿಸುವ ಮೊದಲು ಮನೆಯಲ್ಲಿ ಒಬ್ಬರನ್ನು ಮುಗಿಸಿ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಅತ್ತೆ ವಿಷವೆಂದು ನೀರು ಕುಡಿದು ಸೊಗಸಾಗಿ ಸತ್ತಿದ್ದರು. ಮೈದುನ ಮಂಚದಿಂದ ಬಾವಿಗೆ ಬಿದ್ದಿದ್ದ. ಗಂಡನಂತೂ ಕಾಯಂ ಹೆಣ.

ಈ ಸಲ ಹೆಣವೇ ಕೈಕೊಟ್ಟಿತು. ಕಥೆಯಲ್ಲಿ ಅರಮನೆಯ ನರಪೇತಲ ಗುಮಾಸ್ತ ಧಡೂತಿ ದಳಪತಿಯನ್ನು ಮಹಡಿಯಲ್ಲಿ ಕೊಂದು, ಯಾರಿಗೂ ಕೇಳಿಸದಂತೆ ನೆಲಮಾಳಿಗೆಗೆ ಎಳೆದೊಯ್ಯಬೇಕು. ಅವಳು ಗಂಡನ ಮುಖಕ್ಕೆ ಟವೆಲ್ ಹೊದಿಸಿ, ಕಂಕುಳಿಗೆ ಕೈಹಾಕಿ ಎಳೆದಳು. ಎರಡನೇ ಮೆಟ್ಟಿಲಿಗೇ ಏದುಸಿರು. ಹೆಣದ ಹಿಮ್ಮಡಿ ಧಡ್ ಧಡ್ ಎಂದಿತು.

"ಇಡೀ ಅರಮನೆ ಎದ್ದು ಕೂತ್ಕೊಳ್ಳುತ್ತೆ ಕಣಮ್ಮಾ," ಎಂದರು ಪಕ್ಕದಲ್ಲೇ ನಿಂತಿದ್ದ ಅತ್ತೆ.

"ಹೆಣ ಸ್ವಲ್ಪ ತೂಕ ಇಳಿಸ್ಬಾರ್ದಾ?" ಎಂದು ಸೊಸೆ ಸಿಡುಕಿದಳು.

"ಸತ್ಮೇಲೂ ಡಯಟ್ಟಾ?" ಟವೆಲ್ಲಿನೊಳಗಿಂದ ಗಂಡನ ಉತ್ತರ.

ಅವಳಿಗೆ ನಗು ಬರಲಿಲ್ಲ. ಹೆಣ ಇಳಿಯದೆ ಪುಸ್ತಕ ಏಳುವಂತಿರಲಿಲ್ಲ. ಮೂರು ವರ್ಷದ ದುಡಿಮೆ. ಪ್ರಕಾಶಕರು ಕೊನೆಯ ಅಧ್ಯಾಯಕ್ಕೆ ಕಾದು ಕೂತಿದ್ದಾರೆ. "ಹರಿದು ಹಾಕ್ತೀನಿ, ಅಷ್ಟೇ," ಎಂದು ಮೆಟ್ಟಿಲ ಮೇಲೆ ಕುಸಿದಳು.

ಎಲ್ಲರ ದನಿಯನ್ನೂ ಕದಿಯುವ ಮೈದುನ, ತುಟಿಗೆ ಬೆರಳಿಟ್ಟು, ಬೆಕ್ಕಿನಂತೆ ಕೆಳಗಿಳಿದ. ಮರುಗಳಿಗೆ ಕೆಳಗಿನಿಂದ ಅತ್ತೆಯ ದನಿ: "ಏಯ್ ದೊಡ್ಡೋನೇ! ಯಾವನೋ ಲಾರಿ ಹಿಂದಕ್ಕೆ ತಗೊಳ್ತಾ ನಿನ್ ಸ್ಕೂಟರ್‌ಗೆ ಗುದ್ತಾ ಇದಾನೆ, ಬಾರೋ!"

ಹೆಣ ಟವೆಲ್ ಕಿತ್ತೆಸೆದು, ಪಕ್ಕದಲ್ಲಿದ್ದ ಹೆತ್ತ ತಾಯಿಯನ್ನೇ ದಾಟಿಕೊಂಡು, "ಬಂದೇ ಅಮ್ಮಾ!" ಎನ್ನುತ್ತಾ ಓಡಿಹೋಯಿತು. ಕೆಳಗೆ ಲಾರಿಯೂ ಇಲ್ಲ, ಅಮ್ಮನೂ ಇಲ್ಲ. ಹಲ್ಲು ಕಿರಿಯುತ್ತಾ ನಿಂತ ತಮ್ಮ.

ಅವಳು ದಡಕ್ಕನೆ ಎದ್ದಳು. "ಅತ್ತೇ! ಹೊರೋದೇ ಬೇಡ! ನಂಬಿದವರ ದನೀಲಿ ಕರೆದ್ರೆ ದಳಪತಿ ತಾನೇ ನಡ್ಕೊಂಡು ಹೋಗ್ತಾನೆ. ಕೊಲೆ ಕೆಳಗೇ ಆಗುತ್ತೆ! ಗುಮಾಸ್ತನಿಗೆ ತೋಳ್ಬಲ ಯಾಕೆ, ಬಾಯಿ ಸಾಲ್ದಾ?"

ಗೊಣಗದೆ ವಾರವಾರವೂ ತನಗಾಗಿ ಸಾಯುವ ಈ ಜನವಿಲ್ಲದಿದ್ದರೆ ತನ್ನ ಕೈಯಲ್ಲಿ ಒಂದು ಇರುವೆಯೂ ಸಾಯುತ್ತಿರಲಿಲ್ಲ ಎನಿಸಿ ಅವಳ ಕಣ್ಣು ತುಂಬಿತು. ಅತ್ತೆಯ ಎರಡೂ ಕೈ ಹಿಡಿದಳು. "ನೀವೆಲ್ಲಾ ನೂರು ವರ್ಷ ಬದುಕ್ಬೇಕು ಅತ್ತೆ."

"ಮುಂದಿನ ಭಾನುವಾರದವರೆಗೆ ಬಿಟ್ರೆ ಸಾಕು ತಾಯಿ," ಎಂದು ಅತ್ತೆ ಕಿಸಕ್ಕನೆ ನಕ್ಕರು. ಕೆಳಗೆ ಮೈದುನನೂ ನಗುತ್ತಿದ್ದ. ಆದರೆ ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು, ಬೀದಿಗೆಲ್ಲ ಕೇಳುವಂತೆ ಗಹಗಹಿಸುತ್ತಿದ್ದದ್ದು ಮಾತ್ರ ಹೆಣ.