ಭಾಂಡೆ ಮಾರಿದ ಮನೆ

ನಮ್ಮ ಮುದ್ದೇಬಿಹಾಳದಲ್ಲಿ ಯಾರಾದರೂ ಮನೆಯ ಭಾಂಡೆ, ಅಂದರೆ ಪಾತ್ರೆಪಗಡ, ಮಾರಿದರೆಂದರೆ ಮುಗಿಯಿತು, ಅವರು ದಿವಾಳಿ ಎದ್ದರೆಂದೇ ಲೆಕ್ಕ. ಟಿವಿ ಇಲ್ಲದಿದ್ದರೆ ನಡೆಯುತ್ತದೆ, ಬಾಗಿಲಲ್ಲಿ ಗಾಡಿ ಇಲ್ಲದಿದ್ದರೂ ಯಾರೂ ಕೇಳುವುದಿಲ್ಲ. ಆದರೆ ಅಡುಗೆಮನೆಯ ಗೋಡೆಯುದ್ದಕ್ಕೂ ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಪರಾತಗಳು ಸಾಲಾಗಿ ಫಳಫಳ ಹೊಳೆಯುತ್ತಿರಬೇಕು. ಅವುಗಳಲ್ಲಿ ಯಾರಾದರೂ ಅಡುಗೆ ಮಾಡುತ್ತಾರೆಯೇ ಎಂದು ಮಾತ್ರ ಕೇಳಬೇಡಿ.

ನಾನು ಭುವನೇಶ್ವರಿ, ಮನೆಯಲ್ಲೇ ಕುಳಿತು ರವಿಕೆ ಹೊಲಿಯುವವಳು. ಗಂಡ ಕಲ್ಮೇಶ ಸುಟ್ಟುಹೋದ ಪಂಪಸೆಟ್ ಮೋಟರುಗಳಿಗೆ ತಂತಿ ಸುತ್ತುತ್ತಾರೆ. ನಮ್ಮಿಬ್ಬರ ಜೊತೆಗೆ ಅತ್ತೆ ಸಿದ್ದವ್ವ. ಬಾಡಿಗೆ ಮನೆ.

ಮದುವೆಯಾಗಿ ಬಂದ ಹೊಸದರಲ್ಲೇ ನಾನೊಂದು ಕಾಯ್ದೆ ಮಾಡಿದೆ. ಯಾವ ವಸ್ತು ಬೇಕೆನಿಸಿದರೂ ಕೂಡಲೇ ತರುವಂತಿಲ್ಲ, ಒಂದು ಸಂತೆ ದಾಟಬೇಕು. ಮುಂದಿನ ಸಂತೆಯ ದಿನವೂ ಅದೇ ಬೇಕೆನಿಸಿದರೆ ಸಂತೋಷವಾಗಿ ತರೋಣ. ಇಲ್ಲದಿದ್ದರೆ ಅದರ ಹಣ ಅವತ್ತೇ ಬ್ಯಾಂಕಿಗೆ. ನನ್ನ ಗಂಡನಿಗೆ ಒಮ್ಮೆ ಆಳೆತ್ತರದ ಸ್ಪೀಕರಿನ ಹುಚ್ಚು ಹತ್ತಿತು. ಸಂತೆ ದಾಟುವಷ್ಟರಲ್ಲಿ ಸ್ಪೀಕರ್ ಮರೆತು ಏರ್ ಕೂಲರಿನ ಜಪ ಶುರುವಾಗಿತ್ತು. ಅದಾದ ಮೇಲೆ ಕಾಲು ಒತ್ತುವ ಯಂತ್ರ. ಅವೆಲ್ಲ ಈಗ ಬ್ಯಾಂಕಿನಲ್ಲಿ ತಣ್ಣಗೆ ಮಲಗಿವೆ ಎಂದು ನಾನು ಅವರನ್ನು ಕಾಡುತ್ತಿದ್ದೆ. ನಾನೇನು ಆಸೆಯಿಲ್ಲದ ಸನ್ಯಾಸಿನಿಯಲ್ಲ. ಊರಿನ ಮದುವೆ ಸೀರೆಗಳೆಲ್ಲ ರವಿಕೆಗಾಗಿ ನನ್ನ ಕೈಯಲ್ಲೇ ಹಾಯ್ದು ಹೋಗುತ್ತವೆ, ನೋಡಿದರೆ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತದೆ. ಸಂತೆ ದಾಟಿದ ಮೇಲೆ ಆ ಸೀರೆಯ ಬಣ್ಣವೇ ನೆನಪಿರುವುದಿಲ್ಲ.

ಓಣಿಯವರು ಜಿಪುಣಿ ಎಂದರು. ಅನ್ನಲಿ ಬಿಡಿ. ಖರ್ಚಿಗೆ ಹೆದರುವವರು ಜಿಪುಣರು. ನನಗೆ ಹೆದರಿಕೆ ಇರಲಿಲ್ಲ, ನನಗೇನು ಬೇಕೆಂಬುದು ಗೊತ್ತಿತ್ತು. ಎಷ್ಟು ಸಂತೆ ದಾಟಿದರೂ ಮನಸ್ಸು ಬಿಡದೆ ಕೇಳುತ್ತಿದ್ದುದು ಒಂದೇ: ನಾವಿರುವ ಈ ಮನೆ ನಮ್ಮದಾಗಬೇಕು.

ಮನೆಯ ಮಾಲೀಕರು ಕಾಳುಕಡಿ ವ್ಯಾಪಾರದ ಅಮೀನುದ್ದೀನ ಸಾಹೇಬರು. ಈ ಬೇಸಿಗೆಯಲ್ಲಿ ಅವರು ಮನೆ ಮಾರುವ ಮಾತೆತ್ತಿದ್ದೇ ತಡ, ನಾವು ಮುಂಗಡ ಕೊಟ್ಟು, ಅಂದರೆ ಸಂಚಕಾರ ಮಾಡಿ, ಮಾತು ಮುಗಿಸಿದೆವು. ಬೆಲೆಗೆ ಸಾಕಾಗುವಷ್ಟು ಹಣ ಕೂಡಿತ್ತು. ನೋಂದಣಿ ಖರ್ಚಿಗೆ ಮಾತ್ರ ಕಡಿಮೆ ಬಿತ್ತು.

“ಸೊಸಾಯಿಟ್ಯಾಗ ಸಣ್ಣದೊಂದು ಸಾಲ ತಗೋತೇನಿ” ಎಂದರು ನನ್ನ ಗಂಡ.

ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಸಾಲ ಯಾಕಪ್ಪಾ? ಆ ರೊಕ್ಕ ಗ್ವಾಡಿ ಮ್ಯಾಲ ಕುಂತೈತಿ ನೋಡು.”

ನಾನು ತಟ್ಟನೆ ಅಡ್ಡ ಬಂದೆ. “ಬ್ಯಾಡ್ರಿ ಅತ್ತೀ. ಅವು ನಿಮ್ಮ ತವರಮನಿ ಭಾಂಡೆ. ನಾ ಹೂಂ ಅನ್ನಾಂಗಿಲ್ಲ.”

“ನಿನ್ನ ಕಾಯ್ದೆ ನಂಗೂ ಐತಿಲ್ಲೊ? ಒಂದು ಸಂತಿ ದಾಟಲಿ. ಆಮ್ಯಾಲೂ ಮಾರಬೇಕನಿಸಿದ್ರ ಮಾರ್ತೇನಿ.”

ಸಂತೆ ದಾಟಿತು. ಮರುದಿನ ಬೆಳಿಗ್ಗೆ ಅತ್ತೆ ಖಲೀಲನ ಆಟೋದಲ್ಲಿ ಭಾಂಡೆ ಹೇರಿಸಿ, ಹಂಡೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಮದುವಣಗಿತ್ತಿಯಂತೆ ನೆಟ್ಟಗೆ ಕುಳಿತು ಭಾಂಡೆ ಅಂಗಡಿಗೆ ಹೋದರು. ನಿತ್ಯ ಬಳಸುವ ನೀರಿನ ಕೊಡವೊಂದು ಉಳಿಯಿತು. ಖಲೀಲ ಒಳ್ಳೆಯವನು. ಆದರೆ ಅವನ ಬಾಯಿ ಅವನ ಆಟೋಗಿಂತ ಜೋರಾಗಿ ಓಡುತ್ತದೆ. ಮಧ್ಯಾಹ್ನದೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಇಬ್ಬರು ಹೆಂಗಸರು ಬಂದು, ಅವಸರವಿಲ್ಲ ಬಿಡು ಎನ್ನುತ್ತ, ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸು ಒಯ್ದರು. ಅವರ ಬಟ್ಟೆಯನ್ನೂ ಮಾರಿಬಿಡುತ್ತೇನೆಂದು ತಿಳಿದರೋ ಏನೋ!

ಮರುದಿನ ಯಂಕಂಚಿಯಿಂದ ನಾದಿನಿ ವಿದ್ಯಾವತಿ ಜೋಳದ ಚೀಲ ಹೇರಿಕೊಂಡು ಬಂದು ಬಾಗಿಲಲ್ಲೇ ಅಳತೊಡಗಿದಳು. “ಅವ್ವನ ಭಾಂಡೆ ಮಾರಿ ತಿನ್ನೂ ಹೊತ್ತು ಬಂತೇನ ನಿಮಗ? ನಾವೇನು ಸತ್ತಿದ್ವಾ?”

“ಅಕ್ಕಾ, ನಾವು ಉಪವಾಸ ಬಿದ್ದಿಲ್ರಿ. ಮನಿ ತಗೊಳ್ಳಾಕತ್ತೇವಿ.”

ಅವಳು ಬರಿದಾದ ಗೋಡೆ ನೋಡಿದಳು, ನನ್ನ ಮುಖ ನೋಡಿದಳು, ಇನ್ನೂ ಜೋರಾಗಿ ಅತ್ತಳು. ಅತ್ತೆಯದನ್ನು ಕಸಿದು ಮಾರಿದ ಸೊಸೆ ನಾನೇ ಎಂಬುದು ಆ ಅಳುವಿನಲ್ಲೇ ಕೇಳುತ್ತಿತ್ತು. ಅಷ್ಟರಲ್ಲಿ ಅಮೀನುದ್ದೀನ ಸಾಹೇಬರು ಒಳಗೆ ಬಂದು ಒಂದು ಲಕೋಟೆಯನ್ನು ನನ್ನ ಗಂಡನ ಮುಂದಿಟ್ಟರು. ನಾವು ಕೊಟ್ಟ ಮುಂಗಡ ಅದರಲ್ಲಿತ್ತು.

“ಕಲ್ಮೇಶಪ್ಪಾ, ಸಂಕೋಚ ಮಾಡಬ್ಯಾಡ. ಕಷ್ಟ ಎಲ್ಲಾರಿಗೂ ಬರ್ತಾವು. ಈ ರೊಕ್ಕ ಇಟ್ಟಕೋ. ಮನಿ ತಗೊಳ್ಳಾಕ ಇನ್ನೊಬ್ಬರು ತಯಾರದಾರ. ನಿಮ್ಮನ್ನ ಬಾಡಗಿಗೆ ಇಲ್ಲೇ ಇಟ್ಟಕೋರಿ ಅಂತ ಅವರಿಗೆ ನಾನ ಹೇಳ್ತೇನಿ.”

ಬೈಯಲು ಬಂದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಕನಿಕರಕ್ಕೆ ಏನು ಉತ್ತರ ಕೊಡುವುದು? ಇಷ್ಟು ವರ್ಷ ಒಂದೊಂದೇ ಆಸೆಯನ್ನು ಸಂತೆ ದಾಟಿಸಿ ಕೂಡಿಟ್ಟ ಮನೆ ಒಂದು ಒಳ್ಳೆಯ ಮಾತಿನಲ್ಲಿ ಕೈತಪ್ಪಿ ಹೋಗುತ್ತಿತ್ತು. ನನ್ನ ಗಂಡ ಗಡಿಬಿಡಿಯಿಂದ ಫೋನು ತೆಗೆದು ಬ್ಯಾಂಕಿನ ಲೆಕ್ಕ ತೋರಿಸಲು ಹೊರಟರು. ಅತ್ತೆ ಅವರ ಕೈ ಹಿಡಿದರು.

“ಅದನ್ನ ಒಳಗಿಡು. ತಮ್ಮಾ ಅಮೀನುದ್ದೀನ, ಕುಂಡ್ರು. ಮದಿವಿ ಆಗಿ ಬಂದಾಗಿಂದ ನಾ ಬಾಡಗಿ ಮನ್ಯಾಗ ಅದೇನಿ. ಬಾಗೇವಾಡ್ಯಾಗ, ಆಲಮಟ್ಟ್ಯಾಗ, ಈಗ ಇಲ್ಲೆ. ಎಲ್ಲಿ ಹೋದ್ರೂ ಈ ಭಾಂಡೆ ಹೊತ್ತಕೊಂಡ ಹೋದೆ. ಹಬ್ಬ ಬಂದ್ರ ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಬೆರಳು ಸವದಾವು. ಯಾಕ ಹೇಳು? ಮನಿ ನಮ್ಮದಲ್ಲ. ಬಂದವರ ಮುಂದ ನಮ್ಮದು ಅಂತ ತೋರಸಾಕ ಅವಷ್ಟ ಇದ್ವು. ಈಗ ಮನಿನ ನಮ್ಮದಾಗತೈತಿ. ಇನ್ನ ಭಾಂಡೆ ಯಾರಿಗೆ ತೋರಸಲಿ?”

ಆಮೇಲೆ ಮಗಳ ಕಡೆ ತಿರುಗಿದರು. “ವಿದ್ಯಾ, ಅಳೂದು ಸಾಕು ಮಾಡು. ಮಾರಿದಾಕಿ ನಾನು. ಈಕಿ ಬ್ಯಾಡ ಬ್ಯಾಡ ಅಂದ್ಲು. ಈಕಿ ಈ ಮನಿಗೆ ಬಂದಮ್ಯಾಲೆ ಬ್ಯಾಡಾದ್ದು ಒಂದೂ ಒಳಗ ಬಂದಿಲ್ಲ, ಬೇಕಾದ್ದು ಒಂದೂ ಕಡಿಮಿ ಬಿದ್ದಿಲ್ಲ. ಹಿಂತಾ ಸ್ವಸಿ ಯಾರ ಮನ್ಯಾಗ ಅದಾಳ ತೋರಸು ನೋಡೂನು.”

ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು, ಅದೂ ನಾಲ್ಕು ಮಂದಿಯ ಎದುರಿಗೆ.

ಸಾಹೇಬರು ಲಕೋಟೆಯನ್ನು ತಿರುಗಿ ಜೇಬಿಗೆ ಹಾಕಿಕೊಂಡರು. “ತಪ್ಪಾತ್ರಿ ಅಕ್ಕಾರ. ಸೋಮವಾರ ನೋಂದಣಿ ಕಚೇರಿಗೆ ಬರ್ರಿ. ನಮ್ಮ ಮನಿಯಾಕಿ ಬಿಬಿಜಾನೂ ಒಂದು ಗ್ವಾಡಿ ತುಂಬ ಭಾಂಡೆ ಇಟ್ಟಾಳ. ಈ ಮಾತು ಆಕಿಗೆ ನೀವ ಬಂದು ಹೇಳ್ರಿ, ನನ್ನ ಕೈಲಿ ಆಗಾಂಗಿಲ್ಲ.”

ವಿದ್ಯಾವತಿ ಮೂಗೊರೆಸಿಕೊಂಡು ಚೀಲದ ಕಡೆ ನೋಡಿದಳು. “ಹಂಗಾರ ಈ ಜ್ವಾಳ?”

“ಅದಕ್ಕ ಸಂತಿ ದಾಟೂದು ಬ್ಯಾಡ್ರಿ ಅಕ್ಕಾ. ಇವತ್ತ ರೊಟ್ಟಿ ಮಾಡೂನು” ಎಂದೆ. ಅವಳು ನಗು ತಡೆಯಲಾರದೆ ನನ್ನ ಬೆನ್ನಿಗೊಂದು ಗುದ್ದಿದಳು.

ಸೋಮವಾರ, ನಮ್ಮಿಬ್ಬರ ಇಷ್ಟದಂತೆ, ಮನೆ ಅತ್ತೆಯ ಹೆಸರಿಗಾಯಿತು. ಒಂದು ಪೈಸೆ ಸಾಲವಿಲ್ಲ. ಅದಕ್ಕೆಂದೇ ಮತ್ತೆ ಊರಿಂದ ಬಸ್ಸಿನಲ್ಲಿ ಬಂದಿದ್ದ ವಿದ್ಯಾವತಿಯ ಎದುರಿಗೆ ಅತ್ತೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡುವಾಗ ನನ್ನ ಎದೆ ಉಬ್ಬಿತು. ಇದರಲ್ಲಿ ನಾಚುವುದೇನಿದೆ, ಹೆಮ್ಮೆ ಪಡುವಂಥದ್ದನ್ನೇ ನಾವು ಮಾಡಿದ್ದೆವು.

ಮನೆಗೆ ಬಂದವರೇ ಅತ್ತೆ ಸುತ್ತಿಗೆ ಮತ್ತು ಒಂದು ಮೊಳೆ ಕೇಳಿ ತೆಗೆದುಕೊಂಡರು. ಪಡಸಾಲೆಯ ಗೋಡೆಯ ನಟ್ಟನಡುವೆ ಮೊಳೆಯನ್ನಿಟ್ಟು ಠಣ್ ಠಣ್ ಎಂದು ಹೊಡೆದರು.

“ಏನು ತೂಗಹಾಕ್ತೀರಿ ಅತ್ತೀ?”

“ಏನೂ ಇಲ್ಲ. ಇಷ್ಟು ವರ್ಷ ಮಾಲಕರನ್ನ ಕೇಳದ ಒಂದು ಮೊಳಿ ಹೊಡದಿದ್ದಿಲ್ಲ.” ಸುತ್ತಿಗೆಯನ್ನು ನನ್ನ ಕಡೆ ಚಾಚಿದರು. “ತಗೋ, ನೀನೂ ಒಂದು ಹೊಡಿ.”