ಫಿಜಾ ಹೆಸರಿನ ವೈಫೈ

ನಮ್ಮ ಅಬ್ಬಾ ಹಯಾತ್ ಸಾಬ್ ಕೈ ಬಹಳ ಧಾರಾಳ. ತಂಗಿ ಫಿಜಾ ಮದುವೇಲಿ ಬಂದ ನೆಂಟರಿಗೆಲ್ಲ ಬಿರಿಯಾನಿ ಜೊತೆ ಮನೆ ವೈಫೈ ಪಾಸ್‌ವರ್ಡೂ ಹಂಚಿದ್ದರು. ಫಿಜಾ ಹೆಸರೇ ಪಾಸ್‌ವರ್ಡು. "ತಗೊಳ್ರೀ, ನಿಮ್ಮದೇ ಮನಿ" ಅಂತ ಕೂಗಿ ಕೂಗಿ ಹೇಳಿದ್ದರು.

ಅದೇ ನೆಂಟರು ಇವತ್ತು ಅಬ್ಬಾನ ಮಣ್ಣಿಗೆ ಹರಿಹರಕ್ಕೆ ಬಂದರು. ಹೊಸ್ತಿಲು ದಾಟಿದ್ದೇ ತಡ, ಎಲ್ಲರ ಫೋನೂ ತಾವಾಗೇ ವೈಫೈ ಹಿಡ್ಕೊಂಡವು.

ಫಿಜಾ ದಾವಣಗೆರೆ ಆಸ್ಪತ್ರೇಲಿದ್ದಳು. ನಿನ್ನೆ ತಾನೇ ಸಿಸೇರಿಯನ್ ಆಗಿ ಎದ್ದು ಕೂರೋಕೂ ಆಗ್ತಿರಲಿಲ್ಲ. "ಆಪಾ, ಒಂದೇ ಒಂದ್ಸಲ ಅಬ್ಬಾನ ಮುಖ ತೋರ್ಸು" ಅಂತ ವಿಡಿಯೊ ಕಾಲ್ ಮಾಡಿದಳು. ಸತ್ತ ಮೇಲೆ ನನ್ನ ಫೋಟೊ ತೆಗೀಬ್ಯಾಡ್ರಿ ಅಂತ ಅಬ್ಬಾನೇ ಹೇಳಿಟ್ಟಿದ್ದರು, ಹಂಗಾಗಿ ಫೋಟೊ ಕಳ್ಸಂಗಿರಲಿಲ್ಲ. ಮನೆ ಒಳಗೆ ಸಿಮ್‌ಗೆ ಸಿಗ್ನಲ್ ಸಿಗಲ್ಲ. ವೈಫೈ ಒಂದೇ ಗತಿ.

ಕಾಲ್ ಸೇರ್ತು, ಚಿತ್ರ ನಿಂತುಬಿಡ್ತು. ಫಿಜಾ ಬಾಯಿ ತೆರೆದು ಅಳ್ತಿದ್ದಂಗೇ ನಿಂತಳು.

"ಎಲ್ಲರೂ ವೈಫೈ ಬಿಡ್ರೀ!" ಅಂತ ಕಿರುಚಿದೆ. ಪುಣ್ಯಾತ್ಮರು ಹೂಂ ಹೂಂ ಅಂದು ಫೋನ್ ಜೇಬಿಗಿಟ್ಟರು. ಜೇಬಿಗಿಟ್ಟರೆ ಬಿಟ್ಟಂಗಾ? ಅಲ್ಲೇ ಕುಂತು ನೆಟ್ ಎಳೀತಾನೇ ಇದ್ದವು.

"ಪಾಸ್‌ವರ್ಡ್ ಬದಲಾಯ್ಸು ಆಪಾ, ಎಲ್ಲರದೂ ಕಟ್ ಆಗ್ತೈತೆ" ಅಂದ ತಮ್ಮ ತಾರಿಕ್.

ಅಬ್ಬಾ ಹಾಕಿದ್ದ ಹೆಸರು ಒಂದೊಂದೇ ಅಕ್ಷರ ಅಳಿಸಿದೆ. ಬ್ಯಾರೆ ಏನೋ ಹಾಕಿದೆ. ರೌಟರ್ ಆರಿ, ಕೆಂಪು ದೀಪ ಹಾಕ್ಕೊಂಡು ಮತ್ತೆ ಮೊದಲಿಂದ ಶುರುವಾಯ್ತು.

"ಹೊತ್ತಾಯ್ತು ಗುಲ್ನಾಜ್, ಮಸೀದೀಲಿ ಕಾಯ್ತಾ ಇದಾರೆ" ಅಂದರು ಚಾಚಾ.

"ಎರಡೇ ನಿಮಿಷ ಚಾಚಾ, ನಿಮ್ಮ ಕಾಲಿಗೆ ಬೀಳ್ತೀನಿ."

"ಆಗ್ಲೇ ಬಹಳ ಕಾಯ್ಸಿದ್ವಿ. ಮಯ್ಯತ್ ಮನೇಲಿಟ್ಟು ಕಾಯಿಸಬಾರದಮ್ಮ."

ಅಬ್ಬಾನ ಮುಖದ ಮೇಲೆ ಕಫನ್ ಬಟ್ಟೆ ಎಳೆದು ಗಂಟು ಹಾಕಿದರು. ತಾರಿಕ್ ಹೆಗಲು ಕೊಟ್ಟ, ಗಂಡಸರೆಲ್ಲ ಹೊರಟರು. ನಾವು ಹೆಂಗಸರು ಹೊಸ್ತಿಲಲ್ಲೇ ಉಳಿದ್ವಿ. ಯಾರನ್ನ ಬೈಯ್ಯೋದು? ಬಂದವರೆಲ್ಲ ಅಬ್ಬಾನ ಮೇಲಿನ ಪ್ರೀತಿಗೇ ಬಂದಿದ್ದರು.

ಮನೆ ಖಾಲಿಯಾಯ್ತು. ರೌಟರ್ ದೀಪ ಹಸಿರಾಯ್ತು, ನನ್ನ ಫೋನಿಗೆ ಹೊಸ ಪಾಸ್‌ವರ್ಡ್ ಹಾಕಿದೆ. ಫೋನ್ ಬಡ್ಕೊಂಡ್ತು.

ಫಿಜಾ ಎದುರಿಗೇ ಕೂತಂಗೆ ಕಂಡಳು. ಮಗ್ಗುಲಲ್ಲಿದ್ದ ಕೂಸಿನ ಕಣ್ರೆಪ್ಪೆ ಕೂಡ ಕಾಣ್ತಿತ್ತು.

"ಈಗ ಚೆಂದ ಬರ್ತೈತೆ ಆಪಾ! ಲಗೂನ ಅಬ್ಬಾನ ಕಡೆ ತಿರುಗ್ಸು. ಕೂಸಿಗೂ ತೋರಿಸ್ತೀನಿ."

ಫೋನ್ ತಿರುಗಿಸಿದೆ. ಅಬ್ಬಾ ಮಲಗಿದ್ದ ಜಾಗ, ಗೋಡೆ, ನೆಲ.

ಫಿಜಾ ಸುಮಾರು ಹೊತ್ತು ನೋಡಿದಳು.

"ಆಪಾ, ಮತ್ತೆ ನಿಂತೋಯ್ತಾ?"

"ಇಲ್ಲ ಫಿಜಾ" ಅಂದೆ. "ನೆಟ್ ಚೆನ್ನಾಗೈತೆ."